ರಿತು ಫೋಗಟ್ ಕುಸ್ತಿ ಬಿಟ್ಟಿದ್ದು ಸರಿನಾ?

ಪ್ರಶ್ನೆ: 2017ರಲ್ಲಿ ಪೋಲೆಂಡ್‌ನಲ್ಲಿ ನಡೆದ 23 ವರ್ಷದೊಳಗಿನವರ ವಿಶ್ವ ಕುಸ್ತಿಯಲ್ಲಿ ರಿತು 48 ಕೆಜಿಯಲ್ಲಿ ಬೆಳ್ಳಿ ಗೆದ್ದಿದ್ದರು. ಒಲಿಂಪಿಕ್ಸ್ ಕನಸು ಕಾಣುವ ವಯಸ್ಸು. ಆದ್ರೂ 2019ರಲ್ಲಿ ಎಲ್ಲ ಬಿಟ್ಟು ಸಿಂಗಪುರಕ್ಕೆ ಹೋಗಿ ಎಂಎಂಎ (ಒದೆತ, ಗುದ್ದು, ಕುಸ್ತಿ ಎಲ್ಲ ಬೆರೆತ ಕಾಳಗದ ಆಟ) ಸೇರಿದರು. ದುಡ್ಡಿಗಾಗಿನಾ?

ಉತ್ತರ 1: ಸುಮ್ನೆ ದುಡ್ಡು ಅಂದುಬಿಡಬೇಡಿ. ಗೀತಾ, ಬಬಿತಾ ಇಬ್ಬರೂ ಅಕ್ಕಂದಿರು, ಅಪ್ಪ ಮಹಾವೀರ್ ಫೋಗಟ್ಟೇ ಗುರು. ಆ ಮನೆಯಲ್ಲಿ ಹುಟ್ಟಿ ತನ್ನದೇ ದಾರಿ ಹುಡುಕೋದು ಸಣ್ಣ ಮಾತಲ್ಲ. ಅದೇ ವರ್ಷ ನವೆಂಬರ್‌ನಲ್ಲಿ ಬೀಜಿಂಗ್‌ನಲ್ಲಿ ಮೊದಲ ಪಂದ್ಯ, ಮೊದಲ ಸುತ್ತಿನಲ್ಲೇ ಗೆದ್ದರು.

ಉತ್ತರ 2: ಗೆದ್ದಿದ್ದೆಲ್ಲ ಕುಸ್ತಿಯ ಬಲದಿಂದಲೇ, ತೊಡಕೂ ಅಲ್ಲೇ ಇದೆ. ಕುಸ್ತಿಯಲ್ಲಿ ಎದುರಾಳಿಯ ಎರಡೂ ಭುಜ ನೆಲಕ್ಕೆ ತಾಗಿಸಿದರೆ ಕಥೆ ಮುಗೀತು, ಆದರೆ ಎಂಎಂಎಯಲ್ಲಿ ಕೆಳಗೆ ಬಿದ್ದವಳೂ ಅಪಾಯವೇ, ಬೆನ್ನ ಮೇಲೆ ಮಲಗಿಕೊಂಡೇ ಸೋಲಿಸಬಹುದು. 2021ರ ಡಿಸೆಂಬರ್‌ನಲ್ಲಿ ವನ್ ಚಾಂಪಿಯನ್‌ಶಿಪ್ ಅನ್ನೋ ಎಂಎಂಎ ಸಂಸ್ಥೆಯ ಗ್ರ್ಯಾನ್‌ಪ್ರಿ ಟೂರ್ನಿಯ ಫೈನಲ್‌ನಲ್ಲಿ ಆಗಿದ್ದೂ ಇದೇ. ಥಾಯ್ಲೆಂಡ್‌ನ ಸ್ಟ್ಯಾಂಪ್ ಫೇರ್‌ಟೆಕ್ಸ್ ಮೂಲತಃ ಒದೆಯುವ, ಗುದ್ದುವ ಆಟದವರು. ನೆಲಕ್ಕೆ ಹೋದರೆ ರಿತುದೇ ಆಟ ಅಂದುಕೊಂಡಿದ್ವಿ. ಎರಡನೇ ಸುತ್ತಿನಲ್ಲಿ ಆಕೆ ರಿತು ಕೈಯನ್ನು ಕಾಲುಗಳ ನಡುವೆ ಸಿಕ್ಕಿಸಿ, ಮೊಣಕೈಯನ್ನು ಉಲ್ಟಾ ಬಾಗಿಸಿದರು. ತಟ್ಟಿ ಸೋಲೊಪ್ಪದೆ ಬೇರೆ ದಾರಿ ಇರಲಿಲ್ಲ. ನನಗಂತೂ ಊಟ ಸೇರಲಿಲ್ಲ ಅವತ್ತು!

ಪ್ರಶ್ನೆ ಕೇಳಿದವರು: ಓಹೋ, ಹಾಗಾದ್ರೆ ಬೀಳಿಸೋದು ಬಂದರಷ್ಟೇ ಸಾಲದು ಅಲ್ವಾ?

ಉತ್ತರ 2: ಸಾಲದು. ಬೀಳಿಸಿದ ಮೇಲೆ ನಮ್ಮ ಕೈ ಎಲ್ಲಿದೆ ಅಂತ ನೋಡ್ಕೋಬೇಕು. 2022ರಲ್ಲಿ ಇನ್ನೊಬ್ಬ ಎಂಎಂಎ ಆಟಗಾರ್ತಿ ಟಿಫನಿ ಟಿಯೊ ಅವರಂತೂ ಮೊದಲ ಸುತ್ತಿನಲ್ಲೇ ಹಿಂದಿನಿಂದ ರಿತು ಕತ್ತು ಬಿಗಿದು ಮುಗಿಸಿದರು. ಆದ್ರೂ ಆ ಫೈನಲ್‌ವರೆಗೆ ಹೋಗಿದ್ದೇ ದೊಡ್ಡದು ಕಣ್ರೀ.