ಪ್ರಶ್ನೋತ್ತರ: ಎರಡು ನೀರಿನ ಜೆಟ್‌ಗಳ ನಡುವೆ ಕೆಂಪು ಪಟ್ಟೆ ಉಳಿಯುವುದೇಕೆ?

ಪ್ರಶ್ನೆ (ಮುಂಡರಗಿ ಕೈಗಾರಿಕಾ ಪ್ರದೇಶ, ಬಳ್ಳಾರಿ): ನಮಸ್ಕಾರ ಸರ್. 12 ಎಂಎಂ ಪ್ಲೇಟನ್ನ 650 ಡಿಗ್ರಿಗೆ ಕಾಯಿಸಿ, ಮೇಲಿಂದ ನೀರು ಬಿಟ್ಟು ಆರಿಸ್ತೀವಿ. ಒಂದೂಕಾಲು ಇಂಚಿನ ಪೈಪು, 25 ಎಂಎಂಗೊಂದರಂತೆ 6 ಎಂಎಂನ 24 ತೂತು, ಎತ್ತರ 150 ಎಂಎಂ, ಪ್ರೆಶರ್ ಅರ್ಧ ಬಾರ್. ಜೆಟ್ ಬಿದ್ದಲ್ಲಿ ಕಪ್ಪಾಗ್ತದ, ನಡುವೆ ಕೆಂಪು ಪಟ್ಟೆ ಹಂಗೇ ಉಳೀತದ. ಪ್ಲೇಟೂ ಡೊಂಕು. ಪ್ರೆಶರ್ ಏರಿಸಿದ್ರೂ ಅಷ್ಟೇ. ತೂತು ಇನ್ನೂ ಹತ್ತಿರ ಮಾಡ್ಲಾ?

ಉತ್ತರ: ಬೇಡ. ಜೆಟ್ ಪ್ಲೇಟಿಗೆ ಬಡಿದು ತೆಳು ಹಾಳೆಯಾಗಿ ಸುತ್ತಲೂ ಹರಡುತ್ತದೆ. ಪಕ್ಕದ ಜೆಟ್ಟಿನ ಹಾಳೆ ಎದುರಾದಲ್ಲಿ ಎರಡರ ಓಟವೂ ನಿಂತು ನೀರು ಮೇಲಕ್ಕೆ ದಿಂಡಾಗಿ ಏಳುತ್ತದೆ. ಬಿಸಿ ಪ್ಲೇಟಿನಲ್ಲಿ ಆ ಗೆರೆಯ ಕೆಳಗೆ ಉಗಿಯ ಪೊರೆ ಇರುತ್ತದೆ. ವಾಪಸ್ ಬಿದ್ದ ನೀರಿಗೆ ಅದನ್ನು ಒಡೆಯುವ ಜೋರಿಲ್ಲ. ಪ್ರೆಶರ್ ಏರಿಸಿದರೆ ಎರಡೂ ಕಡೆ ಒಂದೇ ಸಮ ಜೋರಾಗುತ್ತದೆ, ಗೆರೆ ಇದ್ದಲ್ಲೇ ಇರುತ್ತದೆ. ಈಗಲೇ ಅಂತರ ತೂತಿನ ನಾಲ್ಕು ಪಟ್ಟು. ಇನ್ನೂ ಹತ್ತಿರ ಮಾಡಿದರೆ ದಿಂಡಿನ ನೀರು ಜೆಟ್‌ಗಳ ಮೇಲೇ ಬೀಳುತ್ತದೆ.

ಎರಡನೇ ಸಾಲು ಹಾಕಿ. ಅದರ ತೂತುಗಳು ಮೊದಲ ಸಾಲಿನ ತೂತುಗಳ ನಟ್ಟನಡುವೆ, ಅಂದರೆ 12.5 ಎಂಎಂ ಸರಿದಿರಲಿ. ಪ್ಲೇಟ್ ರೋಲರ್ ಮೇಲೆ ಓಡುತ್ತಿದ್ದರೆ ಇಷ್ಟು ಸಾಕು. ನಿಂತ ಪ್ಲೇಟಾದರೆ ಹೆಡರನ್ನೇ (ತೂತು ಕೊರೆದ ಪೈಪನ್ನೇ) ಉದ್ದಕ್ಕೆ ಅಷ್ಟು ಹಿಂದೆಮುಂದೆ ಆಡಿಸಬೇಕು. ಸಾಲುಗಳ ಮಧ್ಯೆ ನೀರು ಮಡುಗಟ್ಟಬಾರದು: ನಿಂತ ನೀರಿನೊಳಗೆ ಬಿದ್ದ ಜೆಟ್ ತಳ ಮುಟ್ಟುವಷ್ಟರಲ್ಲಿ ಸೊರಗಿರುತ್ತದೆ. ಸ್ಟೀಲ್ ಪ್ಲಾಂಟ್‌ಗಳ ಹಾಟ್ ಸ್ಟ್ರಿಪ್ ಮಿಲ್ಲಿನಲ್ಲಿ (ಕಾದ ಉಕ್ಕನ್ನು ಉದ್ದ ಪಟ್ಟಿಯಾಗಿ ಒತ್ತುವ ಕಡೆ) ಅಡ್ಡ ಸ್ಪ್ರೇ ಇಟ್ಟು ನೀರು ಗುಡಿಸುವುದು ಇದಕ್ಕೇ.

ಡೊಂಕಿಗೆ ಮೇಲಿಂದ ಮಾತ್ರ ಆರಿಸುವುದೇ ದೊಡ್ಡ ಕಾರಣ. ಕೆಳಗೂ ಜೆಟ್ ಬೇಕು.

ಪ್ರಶ್ನೆ (ಅವರೇ): ಪೈಪಿನ ಬಂದ್ ಮಾಡಿದ ತುದಿ ಕಡೆ ಹೆಚ್ಚು ಆರ್ತದ್ರೀ. ಅಲ್ಲಿ ಪ್ರೆಶರ್ ಕಡಿಮೆ ಇರಬೇಕಲ್ಲ?

ಉತ್ತರ: ಗಿಡ್ಡ ಹೆಡರಿನಲ್ಲಿ ಉಲ್ಟಾ. ಒಂದೊಂದು ತೂತು ದಾಟಿದಂತೆ ಪೈಪಿನೊಳಗಿನ ವೇಗ ಇಳಿದು ಪ್ರೆಶರ್ ಏರುತ್ತದೆ. ಲೆಕ್ಕ ನೋಡಿ: ಅರ್ಧ ಬಾರ್‌ಗೆ ಜೆಟ್ ವೇಗ ಸೆಕೆಂಡಿಗೆ 10 ಮೀಟರ್, ಕೊರೆದ ತೂತಿಗೆ ಹರಿವಿನ ಗುಣಾಂಕ (ಲೆಕ್ಕದ ಹರಿವಿನಲ್ಲಿ ನಿಜವಾಗಿ ಬರುವ ಪಾಲು) 0.62 ಹಿಡಿದರೆ ತೂತೊಂದಕ್ಕೆ ನಿಮಿಷಕ್ಕೆ 10.5 ಲೀಟರ್, ಒಟ್ಟು ಸುಮಾರು 250. ಅಷ್ಟು ನೀರು 35 ಎಂಎಂ ಒಳವ್ಯಾಸದಲ್ಲಿ ಸೆಕೆಂಡಿಗೆ 4.4 ಮೀಟರ್ ವೇಗದಲ್ಲಿ ನುಗ್ಗುತ್ತದೆ; ಅದರ ಜೋರೇ 0.095 ಬಾರ್. ಬಂದ್ ತುದಿಯಲ್ಲಿ ನೀರು ನಿಂತಾಗ ಆ ಜೋರು ಪ್ರೆಶರಾಗಿ ಸೇರುತ್ತದೆ, ಕೊನೆಯ ತೂತಿಗೆ ಶೇ. 9ರವರೆಗೆ ಹೆಚ್ಚು ನೀರು. ಎರಡಿಂಚಿನ ಪೈಪಾದರೆ ಶೇ. 2. ತೂತುಗಳ ಒಟ್ಟು ವಿಸ್ತೀರ್ಣ ಪೈಪಿನ ಒಳಬಾಯಿಯ ಮೂರನೇ ಒಂದು ಭಾಗ ದಾಟದಂತೆ ನೋಡಿಕೊಳ್ಳಿ, ನಿಮ್ಮದು ಶೇ. 70 ಇದೆ. ಬರೀ ತೂತಿನಿಂದ ಬರುವ ಜೆಟ್ ಪೈಪಿನ ಹರಿವಿನ ಕಡೆ ವಾಲುತ್ತದೆ ಕೂಡ, 20-25 ಎಂಎಂ ಉದ್ದದ ನಳಿಕೆ ಕೂರಿಸಿದರೆ ನೆಟ್ಟಗಾಗುತ್ತದೆ.

ಪ್ಲೇಟ್ ಕಾಯಿಸುವ ಮೊದಲು ತಣ್ಣನೆಯ ಪ್ಲೇಟಿನ ಮೇಲೆ ನೀರು ಬಿಟ್ಟು ದಿಂಡುಗಳನ್ನು ನೋಡಿ. ನಡುವೆ ನೆಟ್ಟಗೆ ಎದ್ದಿದ್ದರೆ ಸರಿ. ಯಾವ ತೂತಿನ ಕಡೆ ಸರಿದು ವಾಲಿದೆಯೋ ಆ ತೂತು ಸೋತಿದೆ ಅಂತ ಅರ್ಥ. ಸಾಮಾನ್ಯವಾಗಿ ಬೋರ್ ನೀರಿನ ಸುಣ್ಣ ಕಟ್ಟಿರುತ್ತದೆ, ಇಲ್ಲವೇ ಡ್ರಿಲ್ಲಿನ ಚೂರು ಒಳಗೆ ನಿಂತಿರುತ್ತದೆ. ಅನುಮಾನ ಇದ್ದರೆ ಮೊದಲ, ನಡುವಿನ, ಕೊನೆಯ ತೂತಿಗೆ ಬಕೆಟ್ ಹಿಡಿಯಿರಿ: 30 ಸೆಕೆಂಡಿಗೆ 5 ಲೀಟರ್ ದಾಟಬೇಕು.

ಪ್ರಶ್ನೆ (ಗಂಗಾವತಿ): ಹಪ್ಪಳದ ಟ್ರೇಗೆ 8 ಎಂಎಂ ತೂತಿನ ಶೀಟಿನಿಂದ ಬಿಸಿಗಾಳಿ ಬಿಡ್ತೀವಿ. ಇದೇ ಲೆಕ್ಕ ನಡೀತದೇನ್ರಿ?

ಉತ್ತರ: ಎತ್ತರದ ಲೆಕ್ಕ ಬೇರೆ. ಗಾಳಿಯಲ್ಲಿ ಬೀಳುವ ನೀರಿನ ಜೆಟ್ಟಿಗೆ 150 ಎಂಎಂ ಲೆಕ್ಕಕ್ಕಿಲ್ಲ. ಗಾಳಿಯ ಜೆಟ್ ಸುತ್ತಲಿನ ಗಾಳಿಯನ್ನೇ ಎಳೆದುಕೊಂಡು, ತೂತಿನ ನಾಲ್ಕರಿಂದ ಆರು ಪಟ್ಟು ದೂರದಲ್ಲಿ ತಿರುಳು (ವೇಗ ಇಳಿಯದ ನಡುಭಾಗ) ಕಳೆದುಕೊಳ್ಳುತ್ತದೆ. ಎತ್ತರ 45 ಎಂಎಂ, ತೂತಿನ ಅಂತರ 55-60 ಎಂಎಂ ಇಡಿ. ಬಳಸಿದ ಗಾಳಿಗೆ ಒಂದೇ ಕಡೆ ದಾರಿ ಇದ್ದರೆ ಅದು ಆ ಕಡೆಯ ಸಾಲುಗಳ ಜೆಟ್ಟನ್ನು ಬಗ್ಗಿಸಿಬಿಡುತ್ತದೆ, ಅಲ್ಲಿನ ಹಪ್ಪಳ ಹಸಿಯಾಗೇ ಉಳಿಯುತ್ತದೆ. ಸಾಲುಗಳ ನಡುವೆಯೇ ಗಾಳಿ ಮೇಲೆ ಹೋಗಲು ಸಂದು ಬಿಡಿ.