ಜಡಿಮಳೆ ಅಂಗಳಕ್ಕೆ ಯಾವ ಹೂ, ಯಾವ ಹುಲ್ಲು?

ಪ್ರಶ್ನೆ: ನಮ್ಮದು ತೀರ್ಥಹಳ್ಳಿಯಿಂದ ಆಗುಂಬೆ ಕಡೆ. ಜಂಬಿಟ್ಟಿಗೆ ಮಣ್ಣಿನ ಅಂಗಳ, ಒಂದು ಬದಿ ತೋಟದ ನೆರಳು. ಡೇರೆ (ಡೇಲಿಯಾ ಹೂ) ಗೆಡ್ಡೆ ಆಷಾಢದಲ್ಲೇ ಕೊಳೆತುಹೋಯ್ತು. ಮೆಕ್ಸಿಕನ್ ಹುಲ್ಲು ಹಾಸಿದ್ವಿ, ಈಗ ಅದರ ತುಂಬ ಪಾಚಿ. ಚೌತಿ ಹೊತ್ತಿಗೆ ಹೂ ಬೇಕು, ಏನು ಹಾಕೋಣ ಸರ್?

ಉತ್ತರ: ಡೇರೆಯನ್ನೇ ಹಾಕಿ, ಆದರೆ ನೆಲಮಟ್ಟದಲ್ಲಿ ಬೇಡ. ಬುಡದಲ್ಲಿ ನೀರು ನಿಂತರೆ ಗೆಡ್ಡೆಗೆ ಗಾಳಿಯಾಡದೆ ಕೊಳೀತದೆ. ಒಂದಡಿ ಎತ್ತರದ ಏರುಮಡಿ ಮಾಡಿ. ಎರಡು ಪಾಲು ಮಣ್ಣು, ಒಂದು ಪಾಲು ಹೊಳೆ ಮರಳು, ಒಂದು ಪಾಲು ಪೂರ್ತಿ ಕಳಿತ ಗೊಬ್ಬರ ಸಾಕು. ಹಸಿ ಸಗಣಿ ಹಾಕಿದರೆ ಕೊಳೆ ಗ್ಯಾರಂಟಿ.

ಗೆಡ್ಡೆ ಆರಿಸುವಾಗ ಗಾತ್ರ ನೋಡಬೇಡಿ, ಕಾಂಡಕ್ಕೆ ಅಂಟಿರೋ ಕುತ್ತಿಗೆ ನೋಡಿ. ಮೊಳಕೆಯ ಕಣ್ಣು ಇರೋದು ಅಲ್ಲೇ. ಕುತ್ತಿಗೆ ಮುರಿದ ಗೆಡ್ಡೆ ಎಷ್ಟು ದಪ್ಪ ಇದ್ದರೂ ಮೊಳೆಯೋದಿಲ್ಲ. ಮೇ ಕೊನೆಗೆ, ಮಳೆ ಹಿಡಿಯೋ ಮುಂಚೆ, ನಾಲ್ಕು ಇಂಚು ಆಳದಲ್ಲಿ, ಎರಡು ಅಡಿಗೊಂದರಂತೆ ನೆಡಿ. ಆಸರೆ ಕೋಲನ್ನೂ ಅವತ್ತೇ ಊರಿಬಿಡಿ, ಆಮೇಲೆ ಊರಿದರೆ ಗೆಡ್ಡೆಗೇ ಚುಚ್ಚುತ್ತದೆ. ನಾಲ್ಕು ಜೊತೆ ಎಲೆ ಬಂದಾಗ ತುದಿ ಚಿವುಟಿ. ಯೂರಿಯಾ ಬೇಡ, ಗಿಡ ಸೊಕ್ಕಿ ಎಲೆಯಷ್ಟೇ ಬಿಡ್ತದೆ. ದಿನಕ್ಕೆ ಆರು ಗಂಟೆ ಬಿಸಿಲು ಬೀಳೋ ಜಾಗವೇ ಬೇಕು.

ನೆರಳಿನ ಬದಿಗೆ ಹೈಡ್ರೇಂಜಿಯ, ಕೆಳಗೆ ಕರ್ಣಕುಂಡಲ. ಮೆಕ್ಸಿಕನ್ ಹುಲ್ಲು ಬಿಸಿಲಿನದು, ಅಲ್ಲಿ ಏಳೋದಿಲ್ಲ. ಕಿತ್ತು, ಅಗಲ ಎಲೆಯ ಕಾರ್ಪೆಟ್ ಹುಲ್ಲಿನ ಬೇರುತುಂಡು ಅರ್ಧ ಅಡಿಗೊಂದರಂತೆ ನೆಡಿ. ಆ ಹುಲ್ಲು ಹುಳಿ (ಆಮ್ಲೀಯ) ಮಣ್ಣು, ಅರೆನೆರಳು ಎರಡನ್ನೂ ತಾಳ್ತದೆ. ಅಂಗಳಕ್ಕೆ ಐವತ್ತು ಅಡಿಗೆ ಒಂದಡಿಯಾದರೂ ಇಳಿಜಾರು ಇರಲಿ.

ಪ್ರಶ್ನೆ (ಇನ್ನೊಬ್ಬರು): ಮೇಡಂ ಒಬ್ಬರ ಮನೆಯಿಂದ ನೀಲಿ ಹೈಡ್ರೇಂಜಿಯ ತಂದು ನೆಟ್ಟೆ, ನಮ್ಮಲ್ಲಿ ಗುಲಾಬಿ ಬಣ್ಣ ಬಂತು. ತಳಿ ಬೇರೆಯಾ?

ಉತ್ತರ: ಬುಡಕ್ಕೆ ಒಲೆ ಬೂದಿಯೋ ಸುಣ್ಣವೋ ಹಾಕಿದ್ದೀರಾ? ಮಣ್ಣು ಹುಳಿಯಿದ್ದರೆ ಅಲ್ಯೂಮಿನಿಯಂ ಗಿಡಕ್ಕೆ ಸಿಕ್ಕಿ ಹೂ ನೀಲಿ ಆಗ್ತದೆ, ಬೂದಿ ಆ ಹುಳಿ ಮುರೀತದೆ. ನಮ್ಮ ಮಣ್ಣು ಮೊದಲೇ ಹುಳಿ, ಬೂದಿ ನಿಲ್ಲಿಸಿ ದರಗಿನ (ಒಣ ಎಲೆಯ) ಗೊಬ್ಬರ ಕೊಟ್ಟರೆ ನಿಧಾನಕ್ಕೆ ತಿರುಗ್ತದೆ. ಬಿಳಿ ತಳಿ ಮಾತ್ರ ಏನು ಮಾಡಿದರೂ ನೀಲಿ ಆಗದು. ಹೂ ಮುಗಿದ ಕೂಡಲೇ ಕೊಂಬೆ ಸವರಿ. ತಡವಾಗಿ ಸವರಿದರೆ ಮುಂದಿನ ವರ್ಷದ ಮೊಗ್ಗೇ ಹೋಗ್ತದೆ.

ಪ್ರಶ್ನೆ: ನರ್ಸರಿಯಲ್ಲಿ ಫೌಂಟನ್ ಗ್ರಾಸ್, ಬ್ಲೂ ಫೆಸ್ಕ್ಯೂ ಅಂತ ಅಲಂಕಾರದ ಹುಲ್ಲು ತೋರಿಸ್ತಾರೆ. ತರಬಹುದಾ?

ಉತ್ತರ: ಫೆಸ್ಕ್ಯೂ ಬೇಡ, ಒಣ ತಂಪು ಹವೆಯ ಹುಲ್ಲು, ನಮ್ಮ ಜುಲೈ ದಾಟೋದಿಲ್ಲ. ಹಸಿರು ಫೌಂಟನ್ ಗ್ರಾಸ್ ಬೀಜ ಉದುರಿಸಿ ಹರಡ್ತದೆ, ತರೋದಾದರೆ ಬೀಜ ಕಟ್ಟದ ಕೆಂಪೆಲೆ ತಳಿಯನ್ನೇ ತನ್ನಿ, ಬಿಸಿಲಿನ ದಿಬ್ಬದ ಮೇಲೆ ನೆಡಿ. ಧರೆ (ಕಡಿದಾದ ಮಣ್ಣಿನ ಬದಿ) ಅಂಚಿಗಾದರೆ ಲಾವಂಚವೋ ಮಜ್ಜಿಗೆ ಹುಲ್ಲೋ ಸಾಕು. ನೋಡಲೂ ಚೆಂದ, ಮಣ್ಣೂ ಕೊಚ್ಚಿ ಹೋಗದು. ನೆರಳಿಗೆ ಮಾಂಡೋ ಗ್ರಾಸ್, ಹೆಸರಿಗಷ್ಟೇ ಅದು ಹುಲ್ಲು.

ಪ್ರಶ್ನೆ (ಮೊದಲಿನವರು): ಡೇರೆ ಗೆಡ್ಡೆ ಮಳೆಗಾಲ ಮುಗಿದ ಮೇಲೆ ನೆಲದಲ್ಲೇ ಬಿಡಬಹುದಾ?

ಉತ್ತರ: ಕೀಳೋದು ಒಳ್ಳೇದು. ಕಾಂಡ ಒಣಗಿದ ಮೇಲೆ ಅರ್ಧ ಅಡಿ ಕಾಂಡ ಉಳಿಸಿ ಕತ್ತರಿಸಿ, ಗೊಂಚಲನ್ನು ಇಡಿಯಾಗಿ ಅಗೆದು ನೆರಳಲ್ಲಿ ಆರಿಸಿ, ಒಣ ಮರಳಲ್ಲಿ ಅಟ್ಟದ ಮೇಲೆ ಇಡಿ. ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿದರೆ ಬೆವರಿ ಬೂಸ್ಟು ಹಿಡೀತದೆ.