ಎಐ ಯಂತ್ರದ ‘ಹ್ಯಾಲುಸಿನೇಷನ್’ಗೆ ಕನ್ನಡ ಪದ ಬೇಕು (ಬೋರ್ಡಿಗೆ, ಶನಿವಾರದೊಳಗೆ)

ತೀರ್ಥಹಳ್ಳಿಯಿಂದ:

ಎಲ್ಲರಿಗೂ ನಮಸ್ಕಾರ. ನಮ್ಮೂರಿನ ಒಂದು ಸಹಕಾರ ಸಂಘದಲ್ಲಿ ಅಡಿಕೆ ಬೆಳೆಗಾರರಿಗೆಂದು ಎಐ ಸಹಾಯಕ ತಂದಿದ್ದಾರೆ. ಕೌಂಟರ್ ಪಕ್ಕ ಒಂದು ಟ್ಯಾಬ್ ಇಟ್ಟಿದ್ದಾರೆ. ಎಲೆಚುಕ್ಕೆ, ಕೊಳೆ, ಗೊಬ್ಬರ, ಏನು ಕೇಳಿದರೂ ಕನ್ನಡದಲ್ಲೇ ಹೇಳುತ್ತದೆ.

ಹೋದ ವಾರ ನಾನೇ ಕೂತು, ಕೊಳೆಗೆ ಹೊಡೆಯುವ ಬೋರ್ಡೋ ಔಷಧಿಯ ಬಗ್ಗೆ ಕೇಳಿ ನೋಡಿದೆ. “ನೂರು ಲೀಟರ್ ಬೋರ್ಡೋಗೆ ಮೈಲುತುತ್ತ ಎಷ್ಟು, ಸುಣ್ಣ ಎಷ್ಟು?” ಅಂದೆ. ಒಂದೊಂದು ಕೆಜಿ ಎಂದಿತು. ಸರಿಯೇ. “ಇನ್ನೂರು ಲೀಟರ್ ಬ್ಯಾರಲ್ಲಿಗೆ?” ಅಂದೆ. ಮೈಲುತುತ್ತ ಐದು ಕೆಜಿ, ಸುಣ್ಣ ಅರ್ಧ ಕೆಜಿ ಎಂದಿತು. ಮೊದಲಿನಷ್ಟೇ ವಿನಯ, ಒಂದು ಚೂರೂ ಅನುಮಾನವಿಲ್ಲ. ಸುಣ್ಣ ಕಡಿಮೆಯಾದರೆ ಎಳೆಗಾಯಿ ಸುಟ್ಟು ಹೋಗುತ್ತದೆ. ನಮ್ಮಲ್ಲಿ ಔಷಧಿ ಹೊಡೆಯುವ ಮೊದಲು ಕತ್ತಿ ಅದ್ದಿ ನೋಡುತ್ತಾರೆ. ಅಲಗಿಗೆ ಕೆಂಪು ಹತ್ತಿದರೆ ಸುಣ್ಣ ಸಾಲದು ಅಂತ ಅರ್ಥ. ಹೊಸದಾಗಿ ತೋಟ ಮಾಡಿದ ಹುಡುಗರಿಗೆ ಅದೂ ಗೊತ್ತಿರುವುದಿಲ್ಲ.

ಎಐ ಹೀಗೆ ಇಲ್ಲದ್ದನ್ನು ನಿಜದಂತೆ ಹೇಳುವುದಕ್ಕೇ ಇಂಗ್ಲಿಷಿನಲ್ಲಿ ‘ಹ್ಯಾಲುಸಿನೇಷನ್’ ಎನ್ನುತ್ತಾರೆ. ಎಚ್ಚರಿಕೆಯ ಬೋರ್ಡ್ ಹಾಕೋಣ ಎಂದು ಸಂಘದವರು ಒಪ್ಪಿದ್ದಾರೆ. ಸಾಫ್ಟ್‌ವೇರಿನವರು ಕಳಿಸಿದ ವಾಕ್ಯ ಹೀಗಿದೆ: “ಈ ಉಪಕರಣವು ಭ್ರಮೆಗೆ ಒಳಗಾಗಬಹುದು, ಪರಿಶೀಲಿಸಿ.” ಅದನ್ನು ಓದಿದ ಒಬ್ಬ ಅಜ್ಜ “ಭ್ರಮೆ ಯಾರಿಗೆ, ನಮಗಾ?” ಎಂದು ಕೇಳಿದರು. ಅವರು ಕೇಳಿದ್ದರಲ್ಲಿ ತಪ್ಪಿಲ್ಲ. ದಯವಿಟ್ಟು ಒಂದು ಪದ ಕೊಡಿ.

ಭದ್ರಾವತಿಯಿಂದ:

‘ಹ್ಯಾಲುಸಿನೇಷನ್’ ಎಂದೇ ಬರೆಯಿರಿ. ಕೆಳಗೆ ‘ತಪ್ಪು ಹೇಳಬಹುದು’ ಎಂದು ಸೇರಿಸಿ. ಪದ ಹುಟ್ಟಿಸುತ್ತಾ ಕೂತರೆ ಮಳೆಗಾಲ ಮುಗಿಯುತ್ತದೆ.

ಸಾಗರದಿಂದ:

ಭದ್ರಾವತಿಯವರ ಸಲಹೆಗೆ ಉತ್ತರ ಕೊಡುವ ಅಗತ್ಯ ಕಾಣುವುದಿಲ್ಲ. ಪದವಿಲ್ಲದವರು ತಾನೇ ಸಾಲ ಮಾಡಬೇಕು.

‘ಭ್ರಮೆ’ಯೂ ಬೇಡ. ಅದರ ಮೂಲ ಅರ್ಥ ಸುತ್ತುವುದು. ಭ್ರಮಣ, ಭ್ರಮರ ಎಲ್ಲ ಅದೇ ಧಾತು. ತಲೆ ಸುತ್ತಿದವನಿಗೆ ಭ್ರಮೆ. ಯಂತ್ರಕ್ಕೆ ಸುತ್ತಲು ತಲೆ ಎಲ್ಲಿದೆ? ನಮ್ಮದೇ ಪದ ಇದೆ, ‘ಕನವರಿಕೆ’. ಕನಸು, ಕನವರಿಸು ಎರಡಕ್ಕೂ ಒಂದೇ ಬೇರು, ತಮಿಳಿನ ಕನವು ಕೂಡ ಅದೇ. ಎಚ್ಚರವಿಲ್ಲದೆ ಆಡುವ ಮಾತು ಅದು. ಯಂತ್ರಕ್ಕೂ ಎಚ್ಚರವಿಲ್ಲ. ಹಳ್ಳಿಯ ಮಕ್ಕಳಿಗೂ ಗೊತ್ತಿರುವ ಮಾತು. ಇದಕ್ಕಿಂತ ಒಳ್ಳೆಯದು ಸಿಗುವುದಿಲ್ಲ.

ಶಿವಮೊಗ್ಗದಿಂದ:

ನಾನು ಇಲ್ಲಿ ವಿನೋಬನಗರದ ಮನೆಯಲ್ಲಿ ಕೂತು ಕೋಡ್ ಬರೆಯುವವಳು. ಈ ಯಂತ್ರಗಳ ಜೊತೆಗೇ ದಿನ ಕಳೆಯುತ್ತೇನೆ. ಸಾಗರದ ಸರ್ ಹೇಳಿದ ‘ಕನವರಿಕೆ’ ಕೇಳಲು ತುಂಬಾ ಚೆನ್ನಾಗಿದೆ. ಆದರೆ ಈ ಬೋರ್ಡಿಗೆ ಅದು ಅಪಾಯ.

ಕನವರಿಸುವವನ ಮಾತು ಅರ್ಧಂಬರ್ಧ ಇರುತ್ತದೆ. ಕೇಳಿದ ತಕ್ಷಣ ‘ಓ, ನಿದ್ದೆಗಣ್ಣಲ್ಲಿದ್ದಾನೆ’ ಎಂದು ಗೊತ್ತಾಗುತ್ತದೆ. ಯಂತ್ರದ್ದು ಹಾಗಲ್ಲ. ಒಂದು ಪದ ಆದಮೇಲೆ ಮುಂದೆ ಯಾವ ಪದ ಹೊಂದುತ್ತದೆ ಎಂದು ಲೆಕ್ಕ ಹಾಕಿ ವಾಕ್ಯ ಕಟ್ಟುತ್ತಾ ಹೋಗುತ್ತದೆ. ನಿಜವಾದ ಉತ್ತರವನ್ನೂ ಹಾಗೇ ಕಟ್ಟುತ್ತದೆ, ಇಲ್ಲದ್ದನ್ನೂ ಹಾಗೇ ಕಟ್ಟುತ್ತದೆ. ಎರಡರ ದನಿಯೂ ಒಂದೇ. ಬೋರ್ಡ್ ನೋಡಿದವರು ‘ಕನವರಿಸಿದರೆ ನಮಗೆ ಗೊತ್ತಾಗಲ್ವಾ’ ಎಂದುಕೊಂಡುಬಿಟ್ಟರೆ?

ನನಗೇ ಆದದ್ದು ಹೇಳುತ್ತೇನೆ. ಒಂದು ಕೆಲಸಕ್ಕೆ ಯಾವ ಪೈಥಾನ್ ಪ್ಯಾಕೇಜ್ (ಬೇರೆಯವರು ಬರೆದಿಟ್ಟ ಸಿದ್ಧ ಕೋಡ್) ಒಳ್ಳೆಯದು ಎಂದು ಕೇಳಿದ್ದೆ. ಹೆಸರು, ವರ್ಷನ್ ನಂಬರ್, ಇನ್‌ಸ್ಟಾಲ್ ಮಾಡುವ ಸಾಲು ಎಲ್ಲ ಕೊಟ್ಟಿತು. ಹಾಕಲು ಹೋದರೆ ಅಂಥ ಪ್ಯಾಕೇಜೇ ಇಲ್ಲ! ಇಲ್ಲದಿದ್ದರೆ ಅಷ್ಟಕ್ಕೇ ಮುಗಿಯಿತು. ಆದರೆ ಯಂತ್ರ ಪದೇ ಪದೇ ಹೇಳುವ ಇಂಥ ಇಲ್ಲದ ಹೆಸರುಗಳನ್ನು ಕಳ್ಳರು ಹುಡುಕಿ, ಅದೇ ಹೆಸರಲ್ಲಿ ಕೆಟ್ಟ ಕೋಡ್ ಏರಿಸಿಟ್ಟು ಕಾಯಬಹುದು. 2025ರಲ್ಲಿ ಇದಕ್ಕೆ ‘ಸ್ಲಾಪ್‌ಸ್ಕ್ವಾಟಿಂಗ್’ ಎಂದು ಹೆಸರೂ ಬಿದ್ದಿದೆ. ನ್ಯೂಯಾರ್ಕಿನಲ್ಲಿ 2023ರಲ್ಲಿ ವಕೀಲರು ಚಾಟ್‌ಜಿಪಿಟಿ ಕೊಟ್ಟ ಇಲ್ಲದ ತೀರ್ಪುಗಳನ್ನು ಕೋರ್ಟಿಗೆ ಕೊಟ್ಟು 5,000 ಡಾಲರ್ ದಂಡ ಕಟ್ಟಿದ್ದು ಎಲ್ಲರಿಗೂ ಗೊತ್ತು. ಆ ತೀರ್ಪುಗಳು ಕನವರಿಕೆಯ ಹಾಗೆ ಕಂಡಿದ್ದರೆ ಅವರು ಕೊಡುತ್ತಿದ್ದರಾ?

ಹೀಗೆ ಯಾಕಾಗುತ್ತದೆ ಎಂದು ಚಾಟ್‌ಜಿಪಿಟಿ ಮಾಡಿದ ಓಪನ್‌ಎಐನವರು 2025ರ ಸೆಪ್ಟೆಂಬರಿನಲ್ಲಿ ಒಂದು ಪ್ರಬಂಧ ಬರೆದಿದ್ದಾರೆ. ನಮ್ಮ ಪರೀಕ್ಷೆಯ ಹಾಗೇ. ‘ಗೊತ್ತಿಲ್ಲ’ ಎಂದು ಖಾಲಿ ಬಿಟ್ಟರೆ ಸೊನ್ನೆ. ಏನೋ ಒಂದು ಗೀಚಿದರೆ ಅಂಕ ಬಂದರೂ ಬರಬಹುದು. ಯಂತ್ರಗಳಿಗೆ ಅಂಕ ಕೊಡುವುದೂ ಜಾಸ್ತಿ ಹೀಗೇ. ಹಾಗಾಗಿ ಅವು ಗೀಚುವುದನ್ನು ಕಲಿತಿವೆ.

ನನ್ನ ಆಯ್ಕೆ ‘ಹುಸಿ’. ಹುಸಿ ಉತ್ತರ.

ಸಾಗರದಿಂದ:

ಹುಸಿ ಒಳ್ಳೆಯ ಪದ, ಹಳಗನ್ನಡದ ‘ಪುಸಿ’ಯಲ್ಲಿ ಪಕಾರ ಹಕಾರವಾಗಿ ಬಂದದ್ದು. ಆದರೆ ಅರ್ಥ ಬೇರೆ. ಬಸವಣ್ಣನವರು ‘ಹುಸಿಯ ನುಡಿಯಲು ಬೇಡ’ ಎಂದದ್ದು ಯಾರಿಗೆ? ಗೊತ್ತಿದ್ದೂ ಸುಳ್ಳು ಹೇಳುವವರಿಗೆ. ನಿಮ್ಮ ಯಂತ್ರಕ್ಕೆ ಗೊತ್ತಿರುವುದೇ ಏನೂ ಇಲ್ಲ ಎಂದು ನೀವೇ ಹೇಳಿದಿರಿ. ಗೊತ್ತಿಲ್ಲದವನು ಹುಸಿಯನ್ನು ಹೇಗೆ ನುಡಿಯುತ್ತಾನೆ? ಪದವನ್ನು ಹಾಗೆ ಎಳೆದಾಡಬೇಡಿ.

ಶಿವಮೊಗ್ಗದಿಂದ:

ಸರ್, ‘ನುಡಿ’ ಜೊತೆ ಬಂದಾಗ ನೀವು ಹೇಳಿದ್ದು ಸರಿ. ‘ಆಗು’ ಜೊತೆ ಬಂದಾಗ? ಮಳೆಯ ಲೆಕ್ಕ ಹುಸಿಯಾಯಿತು. ನಿರೀಕ್ಷೆ ಹುಸಿಯಾಯಿತು. ಅಲ್ಲಿ ಯಾರೂ ಸುಳ್ಳು ಹೇಳಿಲ್ಲ. ನಂಬಿದ್ದು ನಿಜವಾಗಲಿಲ್ಲ, ಅಷ್ಟೇ. ಹುಸಿಕೋಪ ನೋಡಿ, ಹೊರಗಿಂದ ಕೋಪದಂತೆಯೇ ಕಾಣುತ್ತದೆ, ಒಳಗೆ ಕೋಪವಿಲ್ಲ. ನೋಡಲು ಅದೇ, ಆದರೆ ಅದಲ್ಲ. ನನಗೆ ಬೇಕಾದ್ದು ಇದೇ ಅರ್ಥ. ‘ಸುಳ್ಳು’ ಎಂದರೆ ಯಂತ್ರಕ್ಕೆ ಕೆಟ್ಟ ಮನಸ್ಸು ಕೊಟ್ಟ ಹಾಗೆ. ‘ಬುರುಡೆ’ ಎಂದರೂ ಹಾಗೇ. ‘ತಪ್ಪು’ ಎಂದರೆ ತೀರಾ ಸಪ್ಪೆ, ಅಕ್ಷರತಪ್ಪೂ ತಪ್ಪೇ. ‘ಭ್ರಮೆ’ ಎಂದರೆ ಇಲ್ಲದ್ದನ್ನು ಕಾಣುವುದು, ಇದು ಏನನ್ನೂ ಕಾಣುವುದಿಲ್ಲ. ಈ ಕ್ಷೇತ್ರದ ಹಿರಿಯರಾದ ಜೆಫ್ರಿ ಹಿಂಟನ್ ಕೂಡ ‘ಹ್ಯಾಲುಸಿನೇಷನ್’ ಸರಿಯಲ್ಲ ಎನ್ನುತ್ತಾರೆ. ನೆನಪಿನ ಖಾಲಿ ಜಾಗವನ್ನು ಮನುಷ್ಯರು ಗೊತ್ತಿಲ್ಲದೇ ಕಟ್ಟಿ ತುಂಬಿಸಿಕೊಳ್ಳುತ್ತಾರಲ್ಲ, ಇದು ಅದಕ್ಕೆ ಹತ್ತಿರ ಎನ್ನುವುದು ಅವರ ಮಾತು.

ಭದ್ರಾವತಿಯಿಂದ:

ಸಾಗರದವರಿಗೆ ಒಂದು ಪ್ರಶ್ನೆ. ಸಾಲದ ಪದ ಬೇಡ ಅನ್ನುವ ತಾವು ತೋಟಕ್ಕೆ ಏನು ಹೊಡೆಸುತ್ತೀರಿ? ಬೋರ್ಡೋ. ಅದು ಫ್ರಾನ್ಸಿನ ಊರಿನ ಹೆಸರು. 1885ರ ಹೊತ್ತಿಗೆ ಅಲ್ಲಿನ ದ್ರಾಕ್ಷಿಗೆ ಮಾಡಿದ ಮದ್ದು. ಮೈಲುತುತ್ತದಲ್ಲಿ ‘ಮೈಲು’ ನವಿಲು, ನಮ್ಮ ಕಡೆಯದು. ‘ತುತ್ತ’ ಸಂಸ್ಕೃತದ ತುತ್ಥ. ಒಂದು ಬ್ಯಾರಲ್ಲಿನಲ್ಲಿ ಮೂರು ಭಾಷೆ ಕಲಸಿ ಹೊಡೆದು ಬೆಳೆ ಉಳಿಸಿಕೊಂಡವರು ನಾವು. ಹ್ಯಾಲುಸಿನೇಷನ್ ಒಂದು ಬಂದರೆ ಕನ್ನಡ ಸಾಯುತ್ತದಾ?

ಸಾಗರದಿಂದ:

ಬೋರ್ಡೋ ವಸ್ತುವಿನ ಹೆಸರು. ವಸ್ತುವಿನ ಜೊತೆ ಹೆಸರು ಬರುತ್ತದೆ, ಅದಕ್ಕೆ ತಕರಾರಿಲ್ಲ. ಇದು ವಸ್ತುವಲ್ಲ, ನಡತೆ. ನಡತೆಗೆ ಪದ ಇಲ್ಲದಷ್ಟು ಬಡವಾಗಿಲ್ಲ ಕನ್ನಡ. ವಾದ ಸಾಕು.

ಕೊಪ್ಪದಿಂದ:

ಹೊರಗಿಂದ ಬಂದ ಪದದ ಮಾತು ಮಾತ್ರ ನಡೀತಾ ಇದೆ. ನಮ್ಮಿಂದ ಹೋದದ್ದನ್ನೂ ನೆನೆಯೋಣ. ‘ಕೊಳೆರೋಗ’ ಇಂಗ್ಲಿಷಿನ ಸಸ್ಯರೋಗ ಪುಸ್ತಕಗಳಲ್ಲಿ ಹಾಗೆಯೇ ಇದೆ. ಕಾಫಿಯ ಕೊಳೆರೋಗದ ಶಿಲೀಂಧ್ರಕ್ಕೆ ಲ್ಯಾಟಿನ್ನಿನಲ್ಲಿ ಪೆಲ್ಲಿಕ್ಯುಲೇರಿಯಾ ಕೊಳೆರೋಗಾ ಎಂದೇ ಹೆಸರಿಟ್ಟಿದ್ದರು. ನಮ್ಮ ತೋಟದವರು ಕಣ್ಣಾರೆ ಕಂಡು ಇಟ್ಟ ಹೆಸರನ್ನು ವಿಜ್ಞಾನಿಗಳು ಒಪ್ಪಿಕೊಂಡರು. ಯಂತ್ರದ ವಿಷಯದಲ್ಲೂ ಹಾಗೇ ಮಾಡೋಣ. ಇಂಗ್ಲಿಷಿನವರು ಹಳೆಯ ಪದವನ್ನೇ ಹಿಗ್ಗಿಸಿಕೊಂಡರು. ಹೊಸ ಅರ್ಥ ಸೇರಿಸಿ 2023ರಲ್ಲಿ ಕೇಂಬ್ರಿಜ್ ನಿಘಂಟಿನವರು ‘ಹ್ಯಾಲುಸಿನೇಟ್’ ಎಂಬುದನ್ನೇ ವರ್ಷದ ಪದ ಮಾಡಿದರು. ‘ಹುಸಿ’ಯನ್ನು ನಾವು ಹಿಗ್ಗಿಸಿದರೆ ತಪ್ಪೇನು? ನನ್ನ ಓಟು ಶಿವಮೊಗ್ಗದ ಮೇಡಂ ಅವರಿಗೆ.

ಸಾಗರದಿಂದ:

ಓಟು ಹಾಕಿ ಪದ ಆರಿಸುವುದಿಲ್ಲ. ಇನ್ನೊಂದು ಮಾತು. ‘ಹುಸಿ’ ಕನ್ನಡ, ‘ಉತ್ತರ’ ಸಂಸ್ಕೃತ, ಕೂಡಿಸಿದರೆ ಅರಿಸಮಾಸ. ‘ಹುಸಿಮಾತು’ ಎಂದಾದರೂ ಬರೆಯಿರಿ.

ತೀರ್ಥಹಳ್ಳಿಯಿಂದ:

ಎಲ್ಲರಿಗೂ ಧನ್ಯವಾದ. ನಿನ್ನೆ ಸಂಘದ ಜಗಲಿಯಲ್ಲಿ ನಾಲ್ಕು ಜನರಿಗೆ ಓದಿ ನೋಡಿದೆ. ‘ಕನವರಿಕೆ’ ಎಲ್ಲರಿಗೂ ಇಷ್ಟವಾಯಿತು, ಆದರೆ “ಪಾಪ” ಎಂದರು. ಪಾಪ ಎನಿಸಿದರೆ ಎಚ್ಚರ ಹೋಯಿತು. ‘ಹುಸಿಮಾತು’ ಎಂದಾಗ “ಬೇಕಂತಲೇ ಹೇಳ್ತದಾ?” ಎಂದು ಕೇಳಿದರು. ‘ಹುಸಿ ಉತ್ತರ’ ಎಂದಾಗ ಮೊದಲಿನ ಅಜ್ಜನೇ “ಹಾಗಾದ್ರೆ ಕೇಳಿದ್ಮೇಲೆ ಇನ್ನೊಬ್ರ ಹತ್ರ ಕೇಳ್ಬೇಕು” ಎಂದರು. ನನಗೆ ಅಷ್ಟೇ ಬೇಕಿತ್ತು. ಸಾಗರದ ಸರ್, ಎರಡು ಪದ ಬಿಡಿಸಿಯೇ ಬರೆಸುತ್ತಿದ್ದೇನೆ, ಸಮಾಸ ಮಾಡಿಲ್ಲ. ಕ್ಷಮೆ ಇರಲಿ.

ಬೋರ್ಡಿಗೆ ಕೊಟ್ಟದ್ದು ಹೀಗಿದೆ:

“ಈ ಯಂತ್ರ ಕೆಲವು ಸಲ ಹುಸಿ ಉತ್ತರ ಕೊಡುತ್ತದೆ. ಅದು ಸರಿ ಉತ್ತರದಂತೆಯೇ ಕಾಣುತ್ತದೆ. ಔಷಧಿಯ ಅಳತೆಯನ್ನು ಕೌಂಟರಿನಲ್ಲಿ ಕೇಳಿ. ಬೋರ್ಡೋಗೆ ಕತ್ತಿ ಅದ್ದಿ ನೋಡಿ. ಆಮೇಲೆ ಹೊಡೆಯಿರಿ.”

ಪೇಂಟರ್ ‘ಹುಸಿ’ಯನ್ನು ಕೆಂಪಲ್ಲಿ ಬರೆಯಲಾ ಎಂದು ಕೇಳಿದ. ಹೂಂ ಅಂದಿದ್ದೇನೆ.